ಬೀಸುಕಲ್ಲಿನ ಹಾಡು, ಬೀದಿಯ ನಾಟಕ

ಕನ್ನಡಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಮೊದಲ ಪ್ರಶಸ್ತಿ ಬಂದದ್ದು 1955ರಲ್ಲಿ, ಕುವೆಂಪು ಅವರಿಗೆ. ಆ ಪಟ್ಟಿಯಲ್ಲಿ ಒಬ್ಬ ಹೆಣ್ಣುಮಗಳ ಹೆಸರು ಸೇರಲು 2004ರವರೆಗೆ ಕಾಯಬೇಕಾಯಿತು. ಸುಮಾರು ಅರ್ಧ ಶತಮಾನದ ಈ ಬರವನ್ನು ಮುರಿದವರು ಬೆಂಗಳೂರಿನವರಲ್ಲ, ಮೈಸೂರಿನವರೂ ಅಲ್ಲ. ಕಲಬುರಗಿಯ ಗೀತಾ ನಾಗಭೂಷಣ. ಹಿಂದುಳಿದ ಸಮುದಾಯದ ಗಿರಣಿ ಕಾರ್ಮಿಕರೊಬ್ಬರ ಮಗಳು. ಪ್ರಶಸ್ತಿ ಪಡೆದ ಕಾದಂಬರಿಯ ಹೆಸರು ‘ಬದುಕು’.

ಅಕ್ಷರದ ಸೌಲಭ್ಯ ಅತಿ ತಡವಾಗಿ ತಲುಪಿದ ನಾಡಿನಿಂದಲೇ ಈ ದನಿ ಬಂದದ್ದು ಆಕಸ್ಮಿಕವೇನಲ್ಲ. ಬರೆಯಲು ಬಾರದ ಕಾಲದಲ್ಲಿಯೂ ಇಲ್ಲಿಯ ಹೆಂಗಸರಿಗೆ ತಮ್ಮ ನೋವನ್ನು ಹೇಳಿಕೊಳ್ಳುವ ಜಾಗಗಳಿದ್ದವು. ಅವುಗಳಲ್ಲಿ ಮುಖ್ಯವಾದದ್ದು ಬೀಸುಕಲ್ಲು. ಮನೆಮಂದಿ ಏಳುವ ಮೊದಲೇ ಜೋಳ ಬೀಸಲು ಕುಳಿತವಳು ತ್ರಿಪದಿಯಲ್ಲಿ ತವರನ್ನು ನೆನೆಯುತ್ತಿದ್ದಳು, ಅತ್ತೆಯ ಕಾಟವನ್ನು ಆಡಿಕೊಳ್ಳುತ್ತಿದ್ದಳು. ಕೇಳುವುದು ಕಲ್ಲು, ಕಲ್ಲು ಯಾರ ಮುಂದೆಯೂ ಚಾಡಿ ಹೇಳುವುದಿಲ್ಲ. ಊರಿಗೆ ಹಿಟ್ಟಿನ ಗಿರಣಿ ಬಂದಾಗ ತೋಳಿನ ನೋವು ತಪ್ಪಿತು, ನಿಜ. ಜೊತೆಗೆ ಹಾಡಿಕೊಳ್ಳುವ ಆ ಒಂದು ಹೊತ್ತೂ ಹೋಯಿತು.

ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿಲೋಮೀಟರ್ ಹೋದರೆ ಕಮಲಾಪುರ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ಈಗ ತಾಲ್ಲೂಕು ಕೇಂದ್ರವೂ ಹೌದು. ಈ ಸೀಮೆಯ ಲಂಬಾಣಿ ತಾಂಡಾಗಳ ಸಂಪ್ರದಾಯದಲ್ಲಿ ‘ಢಾವಲೋ’ ಎಂಬ ಹಾಡಿದೆ. ಮದುವೆಯಾಗಿ ಹೊರಟ ಹುಡುಗಿ ತಾಯಿ, ಅಣ್ಣ, ಗೆಳತಿಯರನ್ನು ಒಬ್ಬೊಬ್ಬರಾಗಿ ತಬ್ಬಿಕೊಂಡು, ಅಳುತ್ತಲೇ ಹಾಡು ಕಟ್ಟಿ ಹಾಡುವ ಪದ್ಧತಿ ಇದು. ರಾಗವನ್ನು ಹಿರಿಯ ಹೆಂಗಸರು ಮೊದಲೇ ಕಲಿಸಿರುತ್ತಾರೆ, ಮಾತು ಅವಳದೇ. ‘ನನ್ನನ್ನೇಕೆ ದೂರ ಮಾಡಿದಿರಿ’ ಎಂದು ಹೆತ್ತವರನ್ನು ಎಲ್ಲರೆದುರು ಕೇಳುವ ಹಕ್ಕು ಅವಳಿಗೆ ಅಂದು ಇರುತ್ತದೆ. ಇದು ಅಳು ಮಾತ್ರವಲ್ಲ, ಒಂದು ಬಗೆಯ ನಾಟಕವೂ ಹೌದು: ಸುತ್ತ ಜನ, ಗೊತ್ತಾದ ಭಂಗಿ, ಆ ಗಳಿಗೆಯಲ್ಲಿ ಹುಟ್ಟುವ ಮಾತು.

ಆದರೆ ಈ ಹಾಡುಗಳನ್ನು ಬರೀ ಕೊಂಡಾಡಿ ಸುಮ್ಮನಾಗುವುದು ಸರಿಯಲ್ಲ. ಅವು ಎದೆಯನ್ನು ಹಗುರ ಮಾಡಿದವು, ಕಾರಣವನ್ನು ಮುಟ್ಟಲಿಲ್ಲ. ಢಾವಲೋ ಮುಗಿದೊಡನೆ ಹುಡುಗಿ ಗಂಡನ ಮನೆಗೆ ಹೊರಡಲೇಬೇಕು. ಜೋಳ ಮುಗಿದೊಡನೆ ಒಲೆ ಹೊತ್ತಿಸಲೇಬೇಕು.

ಹೆಂಗಸಿನ ಮಾತು ಊರಿಗೆಲ್ಲ ಕೇಳಿಸುವಂತೆ ಆದ ಕಾಲವೊಂದು ಹಿಂದೆ ಇತ್ತು. ಅದೇ ರಸ್ತೆ ಹಿಡಿದು ಹುಮನಾಬಾದ್ ದಾಟಿದರೆ 12ನೇ ಶತಮಾನದ ಶರಣರ ಕಲ್ಯಾಣ. ಅಲ್ಲಿ ಅಕ್ಕಮಹಾದೇವಿಯಷ್ಟೇ ಅಲ್ಲ, ಉರಿಲಿಂಗಪೆದ್ದಿಯ ಪುಣ್ಯಸ್ತ್ರೀ ಕಾಳವ್ವೆಯೂ ಸೂಳೆ ಸಂಕವ್ವೆಯೂ ವಚನ ನುಡಿದರು. ಸಂಕವ್ವೆಯದೆಂದು ಉಳಿದಿರುವುದು ಒಂದೇ ವಚನ. ಅವಳ ಅಂಕಿತ ‘ನಿರ್ಲಜ್ಜೇಶ್ವರ’. ಲೋಕ ತನ್ನ ಮೇಲೆ ಹೊರಿಸಿದ ನಾಚಿಕೆಯನ್ನು ದೇವರ ಹೆಸರಿನಲ್ಲಿಯೇ ಕಳಚಿಟ್ಟವಳು ಅವಳು.

ಗೀತಾ ನಾಗಭೂಷಣ 1942ರಲ್ಲಿ ಸಾವಳಗಿಯಲ್ಲಿ ಹುಟ್ಟಿದಾಗ ಕಲಬುರಗಿ ನಿಜಾಮನ ಆಳ್ವಿಕೆಯಲ್ಲಿತ್ತು. ಕಚೇರಿಯ ಭಾಷೆ ಉರ್ದು. ಹೆಣ್ಣುಮಕ್ಕಳಿಗೆ ಕನ್ನಡ ಶಾಲೆ ಸಿಗುವುದೇ ಅಪರೂಪ. 1948ರಲ್ಲಿ ನಿಜಾಮನ ಆಡಳಿತ ಕೊನೆಗೊಂಡು, 1956ರಲ್ಲಿ ಜಿಲ್ಲೆ ಕನ್ನಡ ರಾಜ್ಯದೊಳಗೆ ಬಂತು. ತಂದೆ ದುಡಿದದ್ದು ಎಂ.ಎಸ್.ಕೆ. ಮಿಲ್ಲಿನಲ್ಲಿ, ತಾಯಿ ಓದು ಬಾರದವರು. ಮಗಳು ಗುಮಾಸ್ತೆಯಾಗಿ ದುಡಿಯುತ್ತ ಓದು ಮುಂದುವರಿಸಿ ಅಧ್ಯಾಪಕಿಯಾದರು. ಮೊದಲ ಕಾದಂಬರಿ ‘ತಾವರೆಯ ಹೂವು’ 1968ರಲ್ಲಿ ಬಂತು. ಮುಂದೆ ಬರೆದವು ಇಪ್ಪತ್ತಕ್ಕೂ ಹೆಚ್ಚು.

ಆಕೆಯ ಬರಹದ ಕಸುವು ಇರುವುದು ಭಾಷೆಯಲ್ಲಿ. ಪಠ್ಯಪುಸ್ತಕದ ಕನ್ನಡದಲ್ಲಿ ‘ಶೋಷಣೆ’ ಎಂದು ಬರೆದರೆ ಯಾರಿಗೂ ಚುಚ್ಚುವುದಿಲ್ಲ. ಕೂಲಿಯ ಹೆಂಗಸು ‘ಎವ್ವಾ, ಹಿಂಗ್ಯಾಕ ಮಾಡ್ಲಾಕತ್ತಾರ’ ಎಂದರೆ ಓದುವವರು ಅತ್ತಿತ್ತ ತಪ್ಪಿಸಿಕೊಳ್ಳಲಾರರು. ಕಲಬುರಗಿಯ ಈ ಆಡುಮಾತು ಅಲ್ಲಿಯವರೆಗೆ ಸಿನಿಮಾ, ನಾಟಕಗಳಲ್ಲಿ ನಗಿಸುವುದಕ್ಕೇ ಹೆಚ್ಚು ಬಳಕೆಯಾಗುತ್ತಿತ್ತು. ದೇವರ ಹೆಸರಿನಲ್ಲಿ ಹೆಣ್ಣನ್ನು ಬಿಡುವುದು, ಊರ ಗೌಡರ ದಬ್ಬಾಳಿಕೆ ಮುಂತಾದ, ಮನೆಯೊಳಗೇ ಪಿಸುಗುಡುತ್ತಿದ್ದ ಸಂಗತಿಗಳು ಅದೇ ಮಾತಿನಲ್ಲಿ ಅಚ್ಚಾದವು. ‘ಹಸಿಮಾಂಸ ಮತ್ತು ಹದ್ದುಗಳು’ ಕಾದಂಬರಿ ಮುಂದೆ ‘ಹೆಣ್ಣಿನ ಕೂಗು’ ಚಲನಚಿತ್ರವಾಯಿತು.

ನೆರೆಯ ಮಹಾರಾಷ್ಟ್ರದಲ್ಲಿ ಮಹಾರ್ ಸಮುದಾಯದ ಬೇಬಿ ಕಾಂಬಳೆ ತಮ್ಮ ಆತ್ಮಕಥೆಯನ್ನು ಗಂಡನಿಗೆ ಕಾಣದಂತೆ ಸುಮಾರು ಇಪ್ಪತ್ತು ವರ್ಷ ಬಚ್ಚಿಟ್ಟಿದ್ದರು. ಬರೆಯುವುದೇ ಅಂಥ ಅಪಾಯದ ಕೆಲಸವಾಗಿತ್ತು.

ರಂಗಭೂಮಿಯ ದಾರಿ ಇನ್ನೂ ಕಠಿಣ. ಬಯಲಾಟದಲ್ಲಿ ಹೆಣ್ಣು ಪಾತ್ರವನ್ನೂ ಗಂಡಸರೇ ಕಟ್ಟುತ್ತಿದ್ದರು; ಕಂಪನಿ ನಾಟಕಕ್ಕೆ ಬಂದ ನಟಿಯರಿಗೆ ಚಪ್ಪಾಳೆಯ ಜೊತೆ ಅಪವಾದವೂ ಸಿಗುತ್ತಿತ್ತು. 1958ರಲ್ಲಿ ಆರ್. ನಾಗರತ್ನಮ್ಮ ಹೆಂಗಸರದೇ ನಾಟಕ ಮಂಡಳಿ ಕಟ್ಟಿ, ಕಂಸನಂಥ ಪಾತ್ರಗಳಲ್ಲಿ ತಾವೇ ಗರ್ಜಿಸಿದರು. 1975ರಲ್ಲಿ ‘ಸಮುದಾಯ’ ಆರಂಭವಾದ ಮೇಲೆ ನಾಟಕ ಬೀದಿಗಿಳಿಯಿತು. 1989ರಲ್ಲಿ ಬೀದರ್, ವಿಜಾಪುರ, ಮೈಸೂರು ಜಿಲ್ಲೆಗಳಲ್ಲಿ ಶುರುವಾದ ಮಹಿಳಾ ಸಮಖ್ಯಾ ಆಮೇಲೆ ಕಲಬುರಗಿಗೂ ಬಂತು. ಓದು ಬಾರದ ಹೆಂಗಸರ ಸಂಘಗಳಿಗೆ ಹಾಡು ಮತ್ತು ಬೀದಿ ನಾಟಕಗಳೇ ಪುಸ್ತಕವಾದವು.

ಇಂಥ ನಾಟಕ ಕಟ್ಟುವ ರೀತಿ ಗಮನಿಸತಕ್ಕದ್ದು. ಬರೆದ ಪಠ್ಯ ಬೇಕಾಗಿಲ್ಲ. ಒಬ್ಬಳು ನಡೆದದ್ದನ್ನು ಹೇಳುತ್ತಾಳೆ, ಇನ್ನೊಬ್ಬಳು ಅದನ್ನು ಆಡುತ್ತಾಳೆ, ಮತ್ತೊಬ್ಬಳು ತಲೆಗೆ ಟವೆಲ್ ಸುತ್ತಿ ಕುಡುಕ ಗಂಡನಾಗುತ್ತಾಳೆ. ನೋವು ಅನುಭವಿಸಿದವಳು ಈಗ ಹೊರಗೆ ನಿಂತು ತನ್ನ ಕಥೆಯನ್ನು ತಾನೇ ನೋಡುತ್ತಾಳೆ. ಹೊಡೆತ ತನ್ನ ಹಣೆಬರಹ ಎಂದುಕೊಂಡಿದ್ದವಳಿಗೆ ನೋಡುವವರ ಕಣ್ಣಲ್ಲಿಯೂ ಅದೇ ಕಥೆ ಕಂಡಾಗ ಹಣೆಬರಹದ ಮಾತು ಸಡಿಲವಾಗುತ್ತದೆ. ಬೀಸುಕಲ್ಲಿನ ಮುಂದೆ ಆಗದಿದ್ದದ್ದು ಇದು. ಸಾರಾಯಿಯ ವಿರುದ್ಧ ರಾಜ್ಯದ ಹೆಂಗಸರು ವರ್ಷಗಟ್ಟಲೆ ಹೋರಾಡಿದರು. 2007ರ ಜುಲೈ 1ರಿಂದ ಸರ್ಕಾರ ಅದನ್ನು ನಿಷೇಧಿಸಿತು.

ದೂರದ ಅಮೆರಿಕದಲ್ಲಿ 1976ರಲ್ಲಿ ಕಪ್ಪು ಲೇಖಕಿ ಎಂಟೊಜಾಕೆ ಶಾಂಗೆ ಅವರ ನಾಟಕ ಬ್ರಾಡ್‌ವೇ ಏರಿದಾಗಲೂ ರಂಗದ ಮೇಲೆ ಇದ್ದವರು ಏಳು ಹೆಂಗಸರು. ಅವರಿಗೆ ಹೆಸರಿರಲಿಲ್ಲ, ಉಟ್ಟ ಬಟ್ಟೆಯ ಬಣ್ಣದಿಂದ ಗುರುತು. ಒಬ್ಬಳ ಕಥೆಯನ್ನು ಉಳಿದವರು ಹೊತ್ತುಕೊಳ್ಳುವ ಕ್ರಮ ಅಲ್ಲಿಯೂ ಇದೇ.

ಕಲಬುರಗಿಯಲ್ಲಿ ಬರಹ ಮತ್ತು ಹೋರಾಟ ಒಂದೇ ಕೈಯಲ್ಲಿ ಇರುವುದು ಗೀತಾ ಅವರ ಬಳಿಕವೂ ಮುಂದುವರಿದಿದೆ. ಕಥೆಗಾರ್ತಿ ಕೆ. ನೀಲಾ ಜನವಾದಿ ಮಹಿಳಾ ಸಂಘಟನೆಯಲ್ಲಿದ್ದು, ತಾಂಡಾಗಳ ಹಸುಗೂಸುಗಳ ಮಾರಾಟದ ವಿರುದ್ಧ ದುಡಿದವರು. ಗೀತಾ ನಾಗಭೂಷಣ 2010ರ ಗದಗ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು; ಆ ಪೀಠದಲ್ಲಿ ಕುಳಿತ ನಾಲ್ಕನೆಯ ಮಹಿಳೆ. 2020ರ ಜೂನ್‌ನಲ್ಲಿ ಕಲಬುರಗಿಯಲ್ಲಿಯೇ ತೀರಿಕೊಂಡರು.

ಲಂಬಾಣಿ ಭಾಷೆಗೆ ಸ್ವಂತ ಲಿಪಿಯಿಲ್ಲ. ಕರ್ನಾಟಕದಲ್ಲಿ ಢಾವಲೋ ಬರೆದಿಡುವವರು ಕನ್ನಡ ಅಕ್ಷರಗಳನ್ನೇ ಬಳಸುತ್ತಾರೆ. ಜನಪದ ಹಾಡುಗಳ ಸಂಗ್ರಹಗಳಲ್ಲಿ ಹಾಡಿನ ಕೆಳಗೆ ಹಾಡಿದವಳ ಹೆಸರು ಕಾಣುವುದು ಇನ್ನೂ ಅಪರೂಪ.