ಮಫುಲೆಟಾ: ಒಂದು ಸ್ಯಾಂಡ್‌ವಿಚ್ಚಿನ ಹಿಂದಿನ ಕಹಿ ಕಥೆ

ಇನ್ನೂ ಊಟ ಆಗಿಲ್ಲ ಅಂದ್ರೆ ಸ್ವಲ್ಪ ಹುಷಾರು. ಇವತ್ತಿನ ಕಥೆ ಶುರುವಾಗೋದು ಉಪ್ಪಿನಕಾಯಿಯಿಂದ.

ಇಟಲಿಯಲ್ಲಿ ‘ಜಾರ್ದಿನಿಯೇರಾ’ ಅಂತ ಒಂದು ಉಪ್ಪಿನಕಾಯಿ ಇದೆ. ತೋಟ ಅನ್ನೋ ಪದದಿಂದ ಬಂದ ಹೆಸರು. ಹೂಕೋಸು, ಕ್ಯಾರೆಟ್, ಸೆಲರಿ, ಈರುಳ್ಳಿ, ದಪ್ಪಮೆಣಸಿನಕಾಯಿ ಎಲ್ಲ ಹೆಚ್ಚಿ ವಿನೆಗರ್‌ನಲ್ಲಿ ಹಾಕಿಡ್ತಾರೆ. ನಮ್ಮ ಮಾವಿನಕಾಯಿ ಉಪ್ಪಿನಕಾಯಿ ಥರ ಬೆರಳಲ್ಲಿ ನೆಕ್ಕೋದಲ್ಲ ಇದು. ಖಾರ ಕಡಿಮೆ, ಹುಳಿ ಜಾಸ್ತಿ, ಹೋಳು ಕಚ್ಚಿದ್ರೆ ಕರುಂ ಅನ್ನಬೇಕು.

19ನೇ ಶತಮಾನದ ಕೊನೆಗೆ ಸಿಸಿಲಿ ದ್ವೀಪದ ಸಾವಿರಾರು ಬಡವರು ಹಡಗು ಹತ್ತಿ ಅಮೆರಿಕದ ನ್ಯೂ ಆರ್ಲಿನ್ಸ್‌ಗೆ ಬಂದರು. ಕೆಲವರು ಕಬ್ಬಿನ ಗದ್ದೆಯಲ್ಲಿ ಕೂಲಿ ಮಾಡಿದರು, ಕೆಲವರು ಮಾರ್ಕೆಟ್ಟಲ್ಲಿ ತರಕಾರಿ ಮಾರಿದರು. ಫ್ರೆಂಚ್ ಕ್ವಾರ್ಟರ್ ಬಡಾವಣೆಯ ಒಂದು ಭಾಗಕ್ಕೆ ‘ಪುಟ್ಟ ಪಲೆರ್ಮೊ’ ಅಂತಲೇ ಹೆಸರಾಯ್ತು.

ಆದ್ರೆ ಊರು ಅವರನ್ನ ಅನುಮಾನದಿಂದಲೇ ನೋಡ್ತಿತ್ತು. 1890ರ ಅಕ್ಟೋಬರ್‌ನಲ್ಲಿ ಅಲ್ಲಿನ ಪೊಲೀಸ್ ಮುಖ್ಯಸ್ಥ ಡೇವಿಡ್ ಹೆನ್ನೆಸ್ಸಿಯ ಕೊಲೆಯಾಯ್ತು. ಆರೋಪ ಇಟಾಲಿಯನ್ನರ ಮೇಲೆ ಬಂತು. ಒಂಬತ್ತು ಜನರ ವಿಚಾರಣೆ ನಡೆಯಿತು, ಒಬ್ಬರ ಮೇಲೂ ಅಪರಾಧ ಸಾಬೀತಾಗಲಿಲ್ಲ. ಮರುದಿನ, ಅಂದ್ರೆ 1891ರ ಮಾರ್ಚ್ 14ರಂದು, ಸಾವಿರಾರು ಜನ ಜೈಲನ್ನು ಮುತ್ತಿದರು. ಒಳಗೆ ನುಗ್ಗಿದವರು 11 ಮಂದಿಯನ್ನು ಕೊಂದರು. ಕೊಂದವರಿಗೆ ಶಿಕ್ಷೆ ಆಗಲೇ ಇಲ್ಲ.

ಈಗ 15 ವರ್ಷ ಮುಂದೆ ಬನ್ನಿ. 1906ರಲ್ಲಿ ಅದೇ ಊರಿನ ಡೆಕೇಟರ್ ಬೀದಿಯಲ್ಲಿ ಸಾಲ್ವಟೋರ್ ಲುಪೊ ಅನ್ನೋ ಸಿಸಿಲಿಯವರು ‘ಸೆಂಟ್ರಲ್ ಗ್ರೋಸರಿ’ ತೆರೆದರು. ಮಾರ್ಕೆಟ್ಟಿಗೆ ಬರೋ ಸಿಸಿಲಿ ರೈತರು ಮಧ್ಯಾಹ್ನ ಅಲ್ಲಿ ಬ್ರೆಡ್, ಮಾಂಸ, ಚೀಸ್, ಆಲಿವ್ ಸಲಾಡ್ ಬೇರೆ ಬೇರೆ ಕೊಂಡು, ತೊಡೆ ಮೇಲೆ ಇಟ್ಕೊಂಡು ಕಷ್ಟಪಟ್ಟು ತಿಂತಿದ್ರಂತೆ. ಎಲ್ಲಾನೂ ಒಂದೇ ಬ್ರೆಡ್ಡಿನೊಳಗೆ ಇಟ್ಟುಬಿಡೋಣ ಅಂತ ಲುಪೊಗೆ ಹೊಳೆಯಿತು ಅನ್ನೋದು ಅವರ ಮನೆಯವರು ಹೇಳಿಕೊಂಡು ಬಂದ ಕಥೆ.

ಹಾಗೆ ಹುಟ್ಟಿದ್ದೇ ಮಫುಲೆಟಾ. ಎಳ್ಳು ಉದುರಿಸಿದ ಅಗಲವಾದ ದುಂಡನೆ ಬ್ರೆಡ್, ಒಳಗೆ ಹ್ಯಾಮ್, ಸಲಾಮಿ, ಚೀಸ್. ಆದ್ರೆ ಜೀವ ಇರೋದು ಆಲಿವ್ ಸಲಾಡ್‌ನಲ್ಲಿ: ಹೆಚ್ಚಿದ ಆಲಿವ್, ಬೆಳ್ಳುಳ್ಳಿ, ಎಣ್ಣೆ, ಜೊತೆಗೆ ನಮ್ಮ ಜಾರ್ದಿನಿಯೇರಾದ ಹೂಕೋಸು, ಕ್ಯಾರೆಟ್, ಸೆಲರಿ. ಮಾಂಸದ ಜಿಡ್ಡನ್ನು ಅದರ ಹುಳಿ ಕಡಿಯುತ್ತೆ, ಎಣ್ಣೆ ಬ್ರೆಡ್ಡಿಗೆ ಇಳಿಯುತ್ತೆ. ಶಿಕಾಗೋದಲ್ಲಿ ಇದೇ ಉಪ್ಪಿನಕಾಯಿಗೆ ಖಾರದ ಮೆಣಸಿನಕಾಯಿ, ಎಣ್ಣೆ ಸೇರಿಸಿ ಬೀಫ್ ಸ್ಯಾಂಡ್‌ವಿಚ್ ಮೇಲೆ ಸುರಿದುಕೊಳ್ತಾರೆ.

ಇವತ್ತು ನ್ಯೂ ಆರ್ಲಿನ್ಸ್‌ಗೆ ಹೋದ ಪ್ರವಾಸಿಗರು ‘ಇದು ಈ ಊರಿನ ತಿಂಡಿ’ ಅಂತ ಮಫುಲೆಟಾ ಹುಡುಕಿಕೊಂಡು ಹೋಗ್ತಾರೆ. ಆ 11 ಸಾವುಗಳಿಗೆ ಊರಿನ ಮೇಯರ್ ಲಟೋಯಾ ಕ್ಯಾಂಟ್ರೆಲ್ ಅಧಿಕೃತವಾಗಿ ಕ್ಷಮೆ ಕೇಳಿದ್ದು 2019ರಲ್ಲಿ. ಅಂದ್ರೆ 128 ವರ್ಷ ಆದ್ಮೇಲೆ.

ನನ್ನನ್ನ ಕಾಡೋದು ಇದೇ. ಬಂದವರ ಊಟ ನಮ್ಮ ನಾಲಿಗೆಗೆ ಎಷ್ಟು ಬೇಗ ಒಗ್ಗುತ್ತೆ, ಬಂದವರು ಮಾತ್ರ ಎಷ್ಟು ನಿಧಾನ! ಮುಂದಿನ ಸಲ ಯಾವುದೋ ದೂರದ ಊರಿನ ತಿಂಡಿ ಆರ್ಡರ್ ಮಾಡುವಾಗ, ಅದನ್ನ ಹೊತ್ತು ತಂದವರು ಯಾರು ಅಂತ ಒಮ್ಮೆ ಕೇಳಿಕೊಳ್ಳಿ. ಮತ್ತೆ ಸಿಗೋಣ.