ಕೀಮರ್‌ನಿಂದ ಕ್ಲಾರಿಯನ್‌ವರೆಗೆ: ಕಲ್ಕತ್ತೆಯ ಒಂದು ಜಾಹೀರಾತು ಸಂಸ್ಥೆಯ ಚರಿತ್ರೆ

ಡಿ.ಜೆ. ಕೀಮರ್ ಎಂಬ ಜಾಹೀರಾತು ಸಂಸ್ಥೆಯ ಹೆಸರು ಇಂದು ಉಳಿದಿರುವುದು ಬಹುಮಟ್ಟಿಗೆ ಸತ್ಯಜಿತ್ ರಾಯ್ ಅವರ ಜೀವನಚರಿತ್ರೆಗಳಲ್ಲಿ. ಮುಂದೆ ದೊಡ್ಡ ನಿರ್ದೇಶಕರಾಗಲಿದ್ದವರು ಹೊಟ್ಟೆಪಾಡಿಗೆ ದುಡಿದ ಜಾಗವೆಂದು ಅದಕ್ಕೆ ಅಲ್ಲಿ ಒಂದೆರಡು ಪುಟ ಸಿಗುತ್ತದೆ, ಅಷ್ಟೇ. ಆದರೆ ಆ ಕಲ್ಕತ್ತಾ ಕಚೇರಿಯನ್ನು ಬಂಗಾಳದ ಮುದ್ರಣ ಸಂಸ್ಕೃತಿಯ ಒಂದು ಕವಲಾಗಿ, ಅದರದೇ ನೆಲೆಯಲ್ಲಿ ಓದಬೇಕು ಎಂಬುದು ಈ ಲೇಖನದ ವಾದ.

ಸಂಸ್ಥೆಯ ಪ್ರಧಾನ ಕಚೇರಿ ಇದ್ದದ್ದು ಲಂಡನ್ನಿನಲ್ಲಿ. ಗಿರಾಕಿಯ ಪರವಾಗಿ ಪತ್ರಿಕೆಗಳಲ್ಲಿ ಜಾಗ ಕೊಳ್ಳುವುದು, ಅದಕ್ಕೆ ಪತ್ರಿಕೆಗಳಿಂದ ಶೇ. 15ರಷ್ಟು ಕಮಿಷನ್ ಪಡೆಯುವುದು ಆ ಕಾಲದ ಏಜೆನ್ಸಿಗಳ ಮೂಲ ವ್ಯವಹಾರ. ಹೀಗಾಗಿ ಲೆಕ್ಕದ ಪುಸ್ತಕದಲ್ಲಿ ಎದ್ದು ಕಾಣುವುದು ಜಾಗದ ಬೆಲೆ. ಚಿತ್ರ ಬರೆದವರು, ಅಕ್ಷರ ತಿದ್ದಿದವರು ಅಲ್ಲಿ ಕಾಣುವುದಿಲ್ಲ. ಅಚ್ಚಾದ ಜಾಹೀರಾತಿನಲ್ಲೂ ಸಾಮಾನ್ಯವಾಗಿ ಅವರ ಹೆಸರಿಲ್ಲ. ಏಜೆನ್ಸಿಯ ಚರಿತ್ರೆ ಬರೆಯಹೊರಟವರಿಗೆ ಎದುರಾಗುವ ಮೊದಲ ತೊಡಕು ಇದು.

1943ರ ಏಪ್ರಿಲ್‌ನಲ್ಲಿ, ಬಂಗಾಳ ಕ್ಷಾಮದ ಆ ವರ್ಷದಲ್ಲಿ, ರಾಯ್ ತಿಂಗಳಿಗೆ 80 ರೂಪಾಯಿ ಸಂಬಳದ ಜೂನಿಯರ್ ವಿಷುವಲೈಸರ್ (ಜಾಹೀರಾತಿನ ಚಿತ್ರವಿನ್ಯಾಸ ರೂಪಿಸುವ ಕಿರಿಯ ಕಲಾವಿದ) ಆಗಿ ಕೀಮರ್ ಸೇರಿದರು. ಶಾಂತಿನಿಕೇತನದಲ್ಲಿ ನಂದಲಾಲ್ ಬೋಸ್, ವಿನೋದ್ ಬಿಹಾರಿ ಮುಖರ್ಜಿ ಅವರ ಬಳಿ ಕಲಿತು ಬಂದವರು. ಅದಕ್ಕಿಂತ ಹಳೆಯ ಪರಂಪರೆ ಮನೆಯಲ್ಲೇ ಇತ್ತು. ಅಜ್ಜ ಉಪೇಂದ್ರಕಿಶೋರ್ ಚಿತ್ರವನ್ನು ಸಣ್ಣ ಚುಕ್ಕಿಗಳಾಗಿ ಒಡೆದು ಅಚ್ಚು ಹಾಕುವ ಹಾಫ್‌ಟೋನ್ ಬ್ಲಾಕ್ ತಂತ್ರದ ಬಗ್ಗೆ ನಡೆಸಿದ ಸಂಶೋಧನೆಗಳು ಬ್ರಿಟನ್ನಿನ ಮುದ್ರಣಕಲೆಯ ಪತ್ರಿಕೆ ಪೆನ್‌ರೋಸ್ ವಾರ್ಷಿಕದಲ್ಲಿ ಅಚ್ಚಾಗಿದ್ದವು. ಬ್ಲಾಕಿನಿಂದ ರೇಖೆ ಹೇಗೆ ಮೂಡುತ್ತದೆ, ಎಲ್ಲಿ ಮಸಿ ಕಟ್ಟುತ್ತದೆ ಎಂದು ಬಲ್ಲ ನಗರವೊಂದು ಈ ಏಜೆನ್ಸಿಯ ಬೆನ್ನಿಗಿತ್ತು. ಕಚೇರಿಯೊಳಗೆ ಮಾತ್ರ ಸಮಾನತೆ ಇರಲಿಲ್ಲ. ಬ್ರಿಟಿಷ್ ನೌಕರರ ಸಂಬಳ ಭಾರತೀಯರದಕ್ಕಿಂತ ಹೆಚ್ಚಿತ್ತು, ಇಬ್ಬರ ನಡುವೆ ಬಿಗುವೂ ಇತ್ತು.

ಆ ಕಚೇರಿಯ ಚಿತ್ರಕಲಾ ಸ್ಟುಡಿಯೋದ ಹಿರಿಯರು ಅನ್ನದಾ ಮುನ್ಶಿ. ಅವರ ಹೆಸರಿನಲ್ಲಿ ಉಳಿದಿರುವ ಪ್ರಸಿದ್ಧ ಚಿತ್ರವೊಂದಿದೆ: 1947ರಲ್ಲಿ ಚಹಾ ಪ್ರಚಾರ ಮಂಡಳಿಗಾಗಿ ರಚಿಸಿದ, ಚಹಾ ನೂರಕ್ಕೆ ನೂರು ಸ್ವದೇಶಿ ಎಂದು ಸಾರುವ ಭಿತ್ತಿಚಿತ್ರ. ಅದರಲ್ಲಿ ಚರಕವೂ ಚಹಾದ ಬಟ್ಟಲೂ ಒಟ್ಟಿಗೇ ಇವೆ. ರಸಾಯನಶಾಸ್ತ್ರಜ್ಞ ಆಚಾರ್ಯ ಪ್ರಫುಲ್ಲಚಂದ್ರ ರಾಯ್ ಅಂಥವರು ಚಹಾವನ್ನು ಕಟುವಾಗಿ ವಿರೋಧಿಸಿದ್ದ ನಾಡಿನಲ್ಲಿ, ಪ್ಲಾಂಟರುಗಳ ಸರಕನ್ನು ಖಾದಿಯ ಸಂಕೇತದ ಪಕ್ಕ ಕೂರಿಸುವುದು ಸಣ್ಣ ಸಾಹಸವಲ್ಲ. ರಾಷ್ಟ್ರೀಯ ಚಳವಳಿಯ ಸಂಕೇತಗಳನ್ನು ಮಾರುಕಟ್ಟೆ ಎಷ್ಟು ಬೇಗ ಕೈವಶ ಮಾಡಿಕೊಂಡಿತು ಎಂಬುದಕ್ಕೆ ಇಷ್ಟು ನೇರವಾದ ಸಾಕ್ಷ್ಯ ಬೇರೆ ಕಡೆ ಸಿಗುವುದು ಕಷ್ಟ.

ಮುನ್ಶಿಯವರಿಗಿಂತಲೂ ಹೆಚ್ಚು ಮರೆವಿಗೆ ಸಂದವರು ಸಂಸ್ಥೆಯ ಸಹಾಯಕ ವ್ಯವಸ್ಥಾಪಕ ಡಿ.ಕೆ. ಗುಪ್ತ. ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ಕೇಂದ್ರವ್ಯಕ್ತಿ ಅವರೇ. ಹಗಲು ಏಜೆನ್ಸಿ ನಡೆಸುತ್ತಲೇ ಅವರು 1943ರಲ್ಲಿ ಸಿಗ್ನೆಟ್ ಪ್ರೆಸ್ ಕಟ್ಟಿದರು. ನೆಹರೂ ಅವರ ‘ಡಿಸ್ಕವರಿ ಆಫ್ ಇಂಡಿಯಾ’ 1946ರಲ್ಲಿ ಮೊದಲು ಹೊರಬಂದದ್ದು ಅಲ್ಲಿಂದಲೇ. ಜಾಹೀರಾತಿಗೆ ಪಳಗಿದ ಕೈಗಳೇ ಸಿಗ್ನೆಟ್‌ನ ಮುಖಪುಟಗಳನ್ನೂ ಬರೆದವು. ಜಿಮ್ ಕಾರ್ಬೆಟ್ ಅವರ ಕುಮಾವೂನಿನ ನರಭಕ್ಷಕಗಳ ಕುರಿತ ಪುಸ್ತಕದ ಬಂಗಾಳಿ ಆವೃತ್ತಿಗೆ ರಾಯ್ ಮಾಡಿದ ಹೊದಿಕೆ ನೋಡಿ. ಇಡೀ ಹೊದಿಕೆಯೇ ಹುಲಿಯ ಚರ್ಮ. ಮುಂಬದಿಯಲ್ಲಿ ಗುಂಡು ಹೊಕ್ಕ ಸಣ್ಣ ತೂತು, ಹಿಂಬದಿಯಲ್ಲಿ ಅದು ಸೀಳಿಕೊಂಡು ಹೊರಬಿದ್ದ ದೊಡ್ಡ ತೂತು. ಪುಸ್ತಕವನ್ನು ಕೈಯಲ್ಲಿ ತಿರುಗಿಸಿ ನೋಡುವಂತೆ ಮಾಡುವ ಈ ಉಪಾಯದಲ್ಲಿ ಜಾಹೀರಾತಿನ ಪಳಗಿಕೆ ಪೂರ್ತಿ ಕೆಲಸ ಮಾಡಿದೆ.

‘ಪಥೇರ್ ಪಾಂಚಾಲಿ’ ಕಾದಂಬರಿಯ ಮಕ್ಕಳ ಆವೃತ್ತಿಗೆ ರಾಯ್ ಚಿತ್ರ ಬರೆದದ್ದೂ ಸಿಗ್ನೆಟ್‌ಗಾಗಿಯೇ. ಇದು ಒಳ್ಳೆಯ ಸಿನಿಮಾ ಆಗಬಲ್ಲದು ಎಂದು ಅವರಿಗೆ ಸೂಚಿಸಿದವರು ಗುಪ್ತ. 1950ರಲ್ಲಿ ಕೀಮರ್ ಸಂಸ್ಥೆಯೇ ರಾಯ್ ಅವರನ್ನು ಲಂಡನ್ ಕಚೇರಿಗೆ ಕಳಿಸಿತು. ಅಲ್ಲಿ ಕೆಲವೇ ತಿಂಗಳಲ್ಲಿ ಅವರು ನೋಡಿದ ಸುಮಾರು ನೂರು ಸಿನಿಮಾಗಳಲ್ಲಿ ‘ಬೈಸಿಕಲ್ ಥೀವ್ಸ್’ ಒಂದು. 1952ರ ಅಕ್ಟೋಬರ್‌ನಲ್ಲಿ ರಾಯ್ ನಿರ್ದೇಶನದ ‘ಪಥೇರ್ ಪಾಂಚಾಲಿ’ ಸಿನಿಮಾದ ಚಿತ್ರೀಕರಣ ಶುರುವಾದಾಗಲೂ ಅವರು ನೌಕರಿಯಲ್ಲೇ ಇದ್ದುದರಿಂದ ಕ್ಯಾಮೆರಾ ಓಡುತ್ತಿದ್ದದ್ದು ರಜೆಯ ದಿನಗಳಲ್ಲಿ. ಆ ಚಿತ್ರದ ಹಿಂದೆ ಏಜೆನ್ಸಿಯ ಸಂಬಳವಿತ್ತು, ಸಹೋದ್ಯೋಗಿ ಪ್ರಕಟಿಸಿದ ಪುಸ್ತಕವಿತ್ತು, ಕಚೇರಿ ಕಲ್ಪಿಸಿದ ಪ್ರವಾಸವಿತ್ತು. ಇವನ್ನು ಬರೀ ಹಿನ್ನೆಲೆಯ ವಿವರಗಳೆಂದು ತಳ್ಳಿಹಾಕುವುದು ಸರಿಯಲ್ಲ.

1955ರ ಆಗಸ್ಟ್‌ನಲ್ಲಿ ಚಿತ್ರ ಕಲ್ಕತ್ತೆಯಲ್ಲಿ ತೆರೆಕಂಡಿತು. ಮರುವರ್ಷ ರಾಯ್ ಕೆಲಸ ಬಿಟ್ಟರು. ಅದೇ ದಶಕದ ನಡುವೆ ಕೀಮರ್‌ನ ಕಲ್ಕತ್ತಾ ಶಾಖೆ ಕ್ಲಾರಿಯನ್ ಎಂಬ ಭಾರತೀಯ ಸಂಸ್ಥೆಯಾಯಿತು.

ಇಂಥ ಕಚೇರಿಗಳ ನಿಜವಾದ ದಾಖಲೆ ಹಳೆಯ ಪತ್ರಿಕೆಗಳ ಜಾಹೀರಾತು ಪುಟಗಳೇ. ನಿಯತಕಾಲಿಕಗಳಿಗೆ ಬೈಂಡ್ ಹಾಕಿಸುವಾಗ ಆ ಪುಟಗಳನ್ನು ಕಿತ್ತುಹಾಕುವ ರೂಢಿ ಗ್ರಂಥಾಲಯಗಳಲ್ಲಿತ್ತು. ಕನ್ನಡದ ಹಳೆಯ ಪತ್ರಿಕೆಗಳನ್ನು ಈಗ ಡಿಜಿಟಲೀಕರಣ ಮಾಡುತ್ತಿರುವವರು ದಯವಿಟ್ಟು ಜಾಹೀರಾತಿನ ಪುಟಗಳನ್ನೂ, ಹೊದಿಕೆಯ ಒಳಬದಿಯನ್ನೂ ಬಿಡದೆ ಸ್ಕ್ಯಾನ್ ಮಾಡಬೇಕು.