ಸಾಸಿವೆ ಡಬ್ಬಿ

ಊರಲ್ಲಿ ಅವ್ವನ ಅಡುಗೆಮನೆಯಲ್ಲಿ ಒಂದು ಹಳೇ ತಗಡಿನ ಡಬ್ಬಿ ಇದೆ. ಉಜ್ಜಿ ಉಜ್ಜಿ ಅಕ್ಷರವೆಲ್ಲ ಅಳಿಸಿಹೋಗಿ, ‘ಅಮುಲ್’ ಅನ್ನೋದರಲ್ಲಿ ಅರ್ಧ ಮಾತ್ರ ಉಳಿದಿದೆ. ಈಗ ಒಳಗೆ ಸಾಸಿವೆ. ನಾನು ಹುಟ್ಟಿದ 1987ರಲ್ಲಿ ಅದರೊಳಗೆ ಇದ್ದದ್ದು ಹಾಲಿನ ಪುಡಿ. ನನಗೆ ಎರಡು ತಿಂಗಳಾಗೋ ಹೊತ್ತಿಗೆ ಅವ್ವನಿಗೆ ಟೈಫಾಯ್ಡ್ ಬಂದು ಹಾಲು ಬತ್ತಿಹೋಯಿತಂತೆ. ಆಮೇಲೆ ಬೆಳೆದದ್ದೆಲ್ಲ ಡಬ್ಬಿ ಹಾಲಲ್ಲೇ.

ಇದನ್ನು ನಾನು ಯಾವತ್ತೂ ದೊಡ್ಡ ವಿಷಯ ಅಂದುಕೊಂಡಿರಲಿಲ್ಲ, ಮಗಳು ಹುಟ್ಟೋವರೆಗೂ. ಬಾಣಂತನ ಮುಗಿಸಿ ಹೆಂಡತಿ ತವರಿಂದ ರಾಜೀವನಗರದ ನಮ್ಮ ಬಾಡಿಗೆ ಮನೆಗೆ ಬಂದಳು, ಮಗು ನೋಡಿಕೊಳ್ಳೋಕೆ ಊರಿಂದ ಅವ್ವ ಬಂದಳು. ಹೆಂಡತಿ ಆಗ ‘ಅಟ್ಯಾಚ್‌ಮೆಂಟ್ ಪೇರೆಂಟಿಂಗ್’ ಬಗ್ಗೆ ಸಿಕ್ಕಿದ್ದೆಲ್ಲ ಓದುತ್ತಿದ್ದಳು. ಒಂದು ರಾತ್ರಿ ಫೋನಲ್ಲಿ ಗೆಳತಿಗೆ, “ಫಾರ್ಮುಲಾ ಕೊಟ್ರೆ ಬಾಂಡಿಂಗ್ ಅಷ್ಟಾಗಿ ಬರಲ್ವಂತೆ ಕಣೇ” ಅಂದಳು. ಹಾಗಂದ್ರೇನು ಅಂತ ಅವ್ವ ನನ್ನ ಕೇಳಿದಳು. ನಾನು ಪೆದ್ದನ ಥರ ಬಿಡಿಸಿ ಹೇಳಿದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದ್ಕೇ ಏನ್ಲಾ ಮಗ, ಹತ್ನೇ ಕ್ಲಾಸ್ ಮುಗ್ಸಿ ಹಾಸ್ಟ್ಲಿಗೆ ಹೋದವ್ನು ತಿರುಗಿ ಊರಿಗೆ ಬರ್ನೇ ಇಲ್ಲ?” ಅಂದಳು.

ನಕ್ಕು ಎದ್ದುಬಂದೆ. ನಿದ್ದೆ ಮಾತ್ರ ಬರಲಿಲ್ಲ. ಏನಾದರೂ ಕೆಟ್ಟರೆ ಹಳೇ ಲಾಗ್ ತೆಗೆದು ನೋಡೋದು ನಮ್ಮ ಕಸುಬು, ಹಾಗೇ ಇದರ ಹಿಂದೆ ಬಿದ್ದೆ.

1928ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ವಾಟ್ಸನ್ ಒಂದು ಪುಸ್ತಕ ಬರೆದು, ಮಕ್ಕಳನ್ನು ತಬ್ಬಬೇಡಿ, ಮುತ್ತಿಡಬೇಡಿ, ತೊಡೆ ಮೇಲೆ ಕೂರಿಸಬೇಡಿ ಅಂತ ತಾಯಂದಿರಿಗೆ ಬುದ್ಧಿ ಹೇಳಿದ. ನ್ಯೂಜಿಲೆಂಡಿನ ಡಾಕ್ಟರ್ ಟ್ರೂಬಿ ಕಿಂಗ್‌ದು ಗಡಿಯಾರದ ಲೆಕ್ಕ: ನಾಲ್ಕು ಗಂಟೆಗೊಮ್ಮೆ ಹಾಲು, ಅತ್ತರೆ ಅಳಲಿ. ಎರಡನೇ ಮಹಾಯುದ್ಧದ ನಂತರ ಬ್ರಿಟನ್ನಿನ ಜಾನ್ ಬೌಲ್ಬಿ, ಮನೆ ಕಳೆದುಕೊಂಡ ಮಕ್ಕಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಗೆ ವರದಿ ಬರೆದು, ನಂಟಿಲ್ಲದೆ ಮಗು ಸೊರಗುತ್ತೆ ಅಂದ. ಅದು 1951. 1980ರ ದಶಕದಲ್ಲಿ ವಿಲಿಯಂ ಸಿಯರ್ಸ್ ಅನ್ನೋ ಮಕ್ಕಳ ಡಾಕ್ಟರು ಮಗುವನ್ನು ಮೈಗೆ ಕಟ್ಟಿಕೊಳ್ಳೋದು, ಪಕ್ಕದಲ್ಲೇ ಮಲಗಿಸೋದು, ಕೇಳಿದಾಗ ಹಾಲು ಕೊಡೋದು, ಎಲ್ಲ ಸೇರಿಸಿ ಅದಕ್ಕೊಂದು ಹೆಸರಿಟ್ಟರು. ಮಡಿಲಲ್ಲಿ ಮಗು ಕಟ್ಟಿಕೊಂಡು ಕಳೆ ಕೀಳುತ್ತಿದ್ದ ನಮ್ಮಜ್ಜಿಗೆ ಇದನ್ನು ಹೇಳಿದ್ದರೆ, ಇದಕ್ಕೂ ಪುಸ್ತಕವಾ ಅನ್ನುತ್ತಿದ್ದಳು.

ನನಗೆ ಬೇಕಿದ್ದದ್ದು ಸಿಕ್ಕಿದ್ದು ಕೋತಿಮರಿಗಳ ಹತ್ತಿರ. 1958ರಲ್ಲಿ ಹ್ಯಾರಿ ಹಾರ್ಲೋ ಒಂದು ಪ್ರಯೋಗದ ವಿವರ ಪ್ರಕಟಿಸಿದ. ಮರಿಗಳಿಗೆ ಎರಡು ಬೊಂಬೆ ಅಮ್ಮಂದಿರು. ಒಂದು ಬರೀ ತಂತಿಯದು, ಇನ್ನೊಂದು ಮೆತ್ತನೆ ಬಟ್ಟೆಯದು. ಹಾಲಿನ ಬಾಟಲಿ ತಂತಿ ಅಮ್ಮನಲ್ಲಿ ಇದ್ದಾಗಲೂ ಮರಿಗಳು ಹೋಗಿ ಕುಡಿದು ಬಂದು, ದಿನವಿಡೀ ಅಂಟಿಕೊಂಡಿದ್ದು ಬಟ್ಟೆ ಅಮ್ಮನಿಗೇ. ಅಂದ್ರೆ ‘ಅಟ್ಯಾಚ್‌ಮೆಂಟ್’ ಅನ್ನೋ ಪದದ ಬುಡದಲ್ಲಿ ಇರೋದು ಹಾಲಲ್ಲ, ಅಪ್ಪುಗೆ.

ಹಳ್ಳಿಯಲ್ಲಿ ಎಲ್ಲ ಸರಿಯಿತ್ತು ಅಂತಲೂ ನಾನು ಹೇಳಲ್ಲ. ನಮ್ಮ ಮನೆ ಹಸು ಕರು ಹಾಕಿದರೆ ಮೊದಲ ಹಾಲನ್ನು ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಮಾಡಿ ಬೀದಿಗೆಲ್ಲ ಹಂಚುತ್ತಿದ್ದರು. ಅದೇ ಹಟ್ಟಿಯಲ್ಲಿ ಬಾಣಂತಿಯ ಹಳದಿ ಬಣ್ಣದ ಮೊದಲ ಹಾಲನ್ನು ಕೆಟ್ಟದ್ದು ಅಂತ ಹಿಂಡಿ ಚೆಲ್ಲಿ, ಮಗು ಬಾಯಿಗೆ ಜೇನುತುಪ್ಪ ಸವರುತ್ತಿದ್ದರು. ಹಸುವಿನ ಗಿಣ್ಣು ಅಮೃತ, ಹೆಂಗಸಿನ ಗಿಣ್ಣು ಗಲೀಜು! ಮಗುವಿಗೆ ರೋಗನಿರೋಧಕ ಶಕ್ತಿ ಕೊಡೋದೇ ಆ ಹಾಲು. ನಮ್ಮ ಮಗಳಿಗೆ ಹುಟ್ಟಿದ ಒಂದು ಗಂಟೆಯೊಳಗೆ ನರ್ಸ್ ಅದನ್ನು ಕುಡಿಸಿದಾಗ ಅವ್ವ ಮುಖ ತಿರುಗಿಸಿಕೊಂಡಿದ್ದಳು.

ಇನ್ನು ಡಬ್ಬಿ. ಅದರ ಊರು ಗುಜರಾತಿನ ಆನಂದ್ ಅಂದುಕೊಂಡಿದ್ದೆ. ಅರ್ಧ ನಿಜ. ಇನ್ನರ್ಧ ನಮ್ಮ ಮೈಸೂರು. ಮೈಸೂರಲ್ಲಿ ಚೆಲುವಾಂಬ ಅಂದ್ರೆ ಎರಡು: ಒಂದು ಹೆರಿಗೆ ಆಸ್ಪತ್ರೆ, ಇನ್ನೊಂದು ರಾಜಕುಮಾರಿ ಚೆಲುವಾಜಮ್ಮಣ್ಣಿಗೆ ಅಂತ ಕಟ್ಟಿಸಿದ ಮ್ಯಾನ್ಷನ್. 1950ರ ಅಕ್ಟೋಬರ್ 21ರಂದು ಆ ಮ್ಯಾನ್ಷನ್‌ನಲ್ಲಿ ಸಿಎಫ್‌ಟಿಆರ್‌ಐ ಶುರುವಾಯಿತು. ಆಗ ಶಿಶು ಆಹಾರ ಹೊರದೇಶದಿಂದ ಬರಬೇಕಿತ್ತು, ವಿದೇಶಿ ವಿನಿಮಯ ಇರಲಿಲ್ಲ, ಹಸುವಿನ ಹಾಲೂ ಸಾಲದು. ಇದ್ದದ್ದು ಎಮ್ಮೆ ಹಾಲು. ಅದರಲ್ಲಿ ಕೊಬ್ಬು ಶೇ. 7ರಷ್ಟು, ತಾಯಿ ಹಾಲಿನ ಹೆಚ್ಚುಕಡಿಮೆ ಎರಡರಷ್ಟು; ಪ್ರೋಟೀನು ಸುಮಾರು ನಾಲ್ಕರಷ್ಟು. ಎಳೇ ಹೊಟ್ಟೆಯಲ್ಲಿ ಗಟ್ಟಿ ಗಡ್ಡೆಯಾಗುತ್ತೆ. ಕೊಬ್ಬು ಇಳಿಸಿ, ಸಕ್ಕರೆ, ಕಬ್ಬಿಣ, ವಿಟಮಿನ್ ಸೇರಿಸಿ, ಮಗುವಿಗೆ ಅರಗುವ ಹಾಗೆ ಪುಡಿ ಮಾಡೋ ವಿಧಾನವನ್ನು 1950ರ ದಶಕದಲ್ಲಿ ಇಲ್ಲಿನ ವಿಜ್ಞಾನಿಗಳು ಕಂಡುಹಿಡಿದರು. 1960ರ ಸುಮಾರಿಗೆ ಅಮುಲ್ ಅದನ್ನು ಡಬ್ಬಿಗೆ ತುಂಬಿತು.

ಒಂದು ಭಾನುವಾರ ಅವ್ವನ್ನ ಸ್ಕೂಟರಲ್ಲಿ ಕೂರಿಸಿಕೊಂಡು ಹೋಗಿ, ಗೇಟಿನ ಆಚೆಯಿಂದಲೇ, “ನಿನ್ ಡಬ್ಬಿ ಹುಟ್ಟಿದ್ದು ಇಲ್ಲೇ ಕಣವ್ವ, ಎಮ್ಮೆ ಹಾಲಿಂದ” ಅಂತ ತೋರಿಸಿದೆ.

“ಎಮ್ಮೆ ಹಾಲಾ ಅದು?” ಅವ್ವನಿಗೆ ನಗು ತಡೆಯಲಾಗಲಿಲ್ಲ. “ಮನೇಲಿ ಎಮ್ಮೆ ಇತ್ತಲ್ಲೋ! ಅದ್ರ ಹಾಲ್ನ ಡೈರಿಗೆ ಹಾಕಿ, ಆ ದುಡ್ಡಲ್ಲಿ ಡಬ್ಬಿ ತರ್ತಿದ್ವಿ.”

ವಾಪಸ್ ಬರುವಾಗ ಟೀ ಕುಡಿಯೋಕೆ ನಿಲ್ಲಿಸಿದೆ. ಅಲ್ಲಿ, ಲೋಟ ನೋಡಿಕೊಂಡೇ ಅಂದಳು: “ತಿಂಗ್ಳ ಕೊನೇಲಿ ದುಡ್ಡಿರ್ತಿರ್ಲಿಲ್ಲ. ಒಂದ್ ಚಮಚ ಕಮ್ಮಿ ಹಾಕಿ ನೀರ್ ಜಾಸ್ತಿ ಮಾಡ್ತಿದ್ದೆ. ನಿಮ್ಮಪ್ಪಂಗೂ ಹೇಳಿರ್ಲಿಲ್ಲ.”

ನನಗೆ ಏನು ಹೇಳಬೇಕೋ ತೋಚಲಿಲ್ಲ. ಜಗತ್ತಿನಾದ್ಯಂತ ಜಗಳ ನಡೆದದ್ದೇ ಆ ಒಂದು ಚಮಚದ ಮೇಲೆ. ಬಡ ದೇಶಗಳಲ್ಲಿ ಡಬ್ಬಿ ಹಾಲನ್ನು ಜಾಹೀರಾತು ಮಾಡಿ ಮಾರಿದ್ದರಿಂದ, ತೆಳ್ಳಗೆ ಮಾಡಿದ ಹಾಲು, ಕೆಟ್ಟ ನೀರು, ಕುದಿಸದ ಬಾಟಲಿಗೆ ಮಕ್ಕಳು ಸಾಯ್ತಿದ್ದಾರೆ ಅಂತ 1974ರಲ್ಲಿ ಬ್ರಿಟನ್ನಿನ ‘ವಾರ್ ಆನ್ ವಾಂಟ್’ ಒಂದು ಕಿರುಪುಸ್ತಕ ತಂದಿತು. 1977ರಲ್ಲಿ ಅಮೆರಿಕದಲ್ಲಿ ನೆಸ್ಲೆ ಬಹಿಷ್ಕಾರ ಶುರುವಾಯಿತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾರಾಟಕ್ಕೆ ಸಂಹಿತೆ ತಂದಾಗ 118 ದೇಶ ಪರ, ಅಮೆರಿಕ ಒಂದೇ ವಿರುದ್ಧ. ನಮ್ಮಲ್ಲಿ 1992ರಲ್ಲಿ ಕಾಯ್ದೆ ಆಗಿ ಜಾಹೀರಾತು ನಿಂತಿತು, ಡಬ್ಬಿ ಮೇಲಿಂದ ಮಗುವಿನ ಚಿತ್ರ ಹೋಯಿತು, ತಾಯಿ ಹಾಲೇ ಶ್ರೇಷ್ಠ ಅನ್ನೋ ಸಾಲು ಕಡ್ಡಾಯವಾಯಿತು. ಒಳ್ಳೆಯದೇ. ಆದರೆ ಹಾಲು ಬತ್ತಿದವಳಿಗೆ ಆ ಸಾಲು ಓದೋಕೆ ಹೇಗಿರುತ್ತೆ ಅಂತ ಯಾರೂ ಕೇಳಿದ ಹಾಗಿಲ್ಲ.

ಆಯ್ಕೆ, ಆಯ್ಕೆ ಅಂತೀವಿ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಮಗುವಿಗೆ 15 ತಿಂಗಳಾಗೋವರೆಗೂ ದಿನಕ್ಕೆ ಎರಡು ಸಲ ಹಾಲೂಡಿಸೋಕೆ ಬಿಡುವು ಕೊಟ್ಟಿದ್ದರು. 12 ವಾರದ ರಜೆ 26 ವಾರ ಆದದ್ದು 2017ರಲ್ಲಿ. ಇಷ್ಟೆಲ್ಲ ಇದ್ದೂ ಹೆಂಡತಿಯ ಆಫೀಸಲ್ಲಿ ಹಾಲು ಹಿಂಡಿಕೊಳ್ಳೋಕೆ ಸಿಕ್ಕಿದ್ದು ಚಿಲಕವಿಲ್ಲದ ಒಂದು ಮೀಟಿಂಗ್ ರೂಮು. ನಮ್ಮ ಬೀದಿಯಲ್ಲಿ ಮನೆಯಲ್ಲೇ ಬೀಡಿ ಕಟ್ಟುವ ಅಮ್ಮಂದಿರಿಗೆ ಮಗು ಮಡಿಲಲ್ಲೇ ಇರುತ್ತೆ, ರಜೆ ಅನ್ನೋದು ಮಾತ್ರ ಇಲ್ಲ.

ರಜೆ ಮುಗಿದ ಎರಡನೇ ವಾರಕ್ಕೆ ಹಿಂಡಿಟ್ಟ ಹಾಲು ಸಾಲದಾಯಿತು. ಹೆಂಡತಿ ತಾನೇ ಮೆಡಿಕಲ್ ಸ್ಟೋರಿಗೆ ಹೋಗಿ ಡಬ್ಬಿ ತಂದಳು, ಅಡುಗೆ ಕಟ್ಟೆ ಮೇಲಿಟ್ಟು ಅತ್ತಳು. ನಾನು ಚಮಚದ ಕತೆ ಅವಳಿಗೆ ಹೇಳಿಬಿಟ್ಟಿದ್ದೆ. ಅವಳು ಕಣ್ಣೊರೆಸಿಕೊಂಡು, “ಅತ್ತೆ, ನಂಗೆ ಅಳತೆ ಗೊತ್ತಾಗಲ್ಲ, ನೀವೇ ಕಲಸಿ” ಅಂದಳು. ರಾತ್ರಿ ಹಾಲು ಅವಳದು, ಹಗಲು ಡಬ್ಬಿ ಅವ್ವಂದು.

ಅವ್ವ ಕುದಿಸಿ ಆರಿಸಿದ ನೀರಿಗೆ ಪುಡಿ ಹಾಕೋದನ್ನು ನಾನು ಬಾಗಿಲಲ್ಲಿ ನಿಂತು ನೋಡ್ತಿರ್ತೀನಿ. ಒಂದೊಂದು ಚಮಚವನ್ನೂ ಚಾಕುವಿನ ಬೆನ್ನಿಂದ ಸಮ ಮಾಡಿ, ಬಾಯಿಬಿಟ್ಟು ಎಣಿಸ್ತಾಳೆ. ನಡುವೆ ಯಾರಾದರೂ ಮಾತಾಡಿಸಿದರೆ ಚೆಲ್ಲಿ ಮತ್ತೆ ಮೊದಲಿಂದ ಶುರು ಮಾಡ್ತಾಳೆ.